ಮಾರುವ ಮನೆಯ ಮುಂದೆ ಚೆಂಡು ಹೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮನೆ ಮಾರಿ ನೋಡು ಎಂದು ಮಾತ್ರ ಯಾಕೋ ಹೇಳಲಿಲ್ಲ. ಆಗಿನ ಕಾಲಕ್ಕೆ ಮನೆ ಮಾರುವವರೇ ಕಡಿಮೆಯಿದ್ದರೋ, ಮಾರಿದವರಿಗೆ ಗಾದೆ ಕಟ್ಟುವಷ್ಟು ಉಮೇದು ಉಳಿದಿರಲಿಲ್ಲವೋ! ಮನೆ ಕಟ್ಟುವವನಿಗೆ ಊರೆಲ್ಲ ಸಲಹೆ ಕೊಡುತ್ತದೆ. ಮದುವೆ ಮಾಡುವವನ ಹಂದರಕ್ಕೆ ಓಣಿಯೆಲ್ಲ ಕೈ ಹಚ್ಚುತ್ತದೆ. ಮಾರುವವನು ಮಾತ್ರ ಒಬ್ಬಂಟಿ. ಆಳಂದ, ಅಫಜಲಪುರ, ಜೇವರ್ಗಿಯಂಥ ಊರುಗಳಲ್ಲಿ ಮನೆ ಮಾರಾಟಕ್ಕಿದೆ ಎಂದು ಬೋರ್ಡು ಬರೆಸಿ ಬಾಗಿಲಿಗೆ ತೂಗುಹಾಕುವವರು ಬಹಳ ಇಲ್ಲ. ಮಾತು ಕಿವಿಯಿಂದ ಕಿವಿಗೆ ಹೋಗಬೇಕು. ಚಹಾ ಅಂಗಡಿಯಲ್ಲಿ ಯಾರೋ ಯಾರಿಗೋ ಹೇಳಬೇಕು. ಅಷ್ಟರಲ್ಲಿ 'ಸಾಲ ಆಗ್ಯಾದಂತ', 'ಅಣ್ಣ ತಮ್ಮರ ಜಗಳಂತ' ಎಂಬ ಎರಡು ಸುದ್ದಿಗಳೂ ಜೊತೆಗೆ ಹುಟ್ಟಿರುತ್ತವೆ.

ಅಫಜಲಪುರದ ಒಬ್ಬ ನಿವೃತ್ತ ಗಣಿತದ ಮಾಸ್ತರರ ಮನೆಯಲ್ಲಿ ಸಾಲವೂ ಇರಲಿಲ್ಲ, ಜಗಳವೂ ಇರಲಿಲ್ಲ. ಇದ್ದದ್ದು ಮಗಳ ಅಂಕಪಟ್ಟಿ. 2024ರಲ್ಲಿ ಅವಳು ಪಿಯುಸಿ ವಿಜ್ಞಾನದಲ್ಲಿ ಚೆನ್ನಾಗಿ ಪಾಸಾಗಿ ಸಿಇಟಿಯಲ್ಲೂ ತಕ್ಕಮಟ್ಟಿನ ರ‍್ಯಾಂಕ್ ಪಡೆದಿದ್ದಳು. ಸಂವಿಧಾನಕ್ಕೆ 371(ಜೆ) ಕಲಂ ಬಂದ ಮೇಲೆ ಕಲಬುರಗಿ ಭಾಗದ ಮಕ್ಕಳಿಗೆ ಸೀಟಿನ ದಾರಿ ಸ್ವಲ್ಪ ಅಗಲವಾಗಿರುವುದು ನಿಜ. ಆದರೆ ಸೀಟು ಸಿಕ್ಕ ಮೇಲೆ ಕಟ್ಟಬೇಕಾದ ಹಣಕ್ಕೆ ಯಾವ ಕಲಮೂ ಇಲ್ಲವಲ್ಲ! ಮಾಸ್ತರರ ನಿವೃತ್ತಿಯ ಗಂಟು ಹಿರಿಯ ಮಗಳ ಮದುವೆಯಲ್ಲಿ ಅರ್ಧ, ಹೆಂಡತಿಯ ಮೊಣಕಾಲಿನ ಔಷಧದಲ್ಲಿ ಕಾಲು ಕರಗಿತ್ತು. ಮನೆ ಮಾರುವುದು, ಕಲಬುರಗಿಯಲ್ಲಿ ಬಾಡಿಗೆಗೆ ಇರುವುದು, ಉಳಿದ ಹಣದಲ್ಲಿ ನಾಲ್ಕು ವರ್ಷದ ಓದು ಮುಗಿಸುವುದು. ಗಣಿತದ ಮಾಸ್ತರರು ಲೆಕ್ಕವನ್ನು ಹಾಳೆಯ ಮೇಲೆ ಮೂರು ಸಲ ಮಾಡಿದರು. ಮೂರು ಸಲವೂ ಉತ್ತರ ಒಂದೇ ಬಂತು.

ಮನೆ ಕೆಟ್ಟದ್ದೇನೂ ಅಲ್ಲ. 1996ರಲ್ಲಿ ಕಟ್ಟಿದ್ದು. ಮೂರು ಖೋಲಿ, ಒಂದು ಪಡಸಾಲೆ, ಕೆಳಗೆ ಶಹಾಬಾದ್ ಫರ್ಸಿ, ಮುಂದೆ ಊರಿನ ನಾಲ್ಕು ಜನ ಕೂತು ಪೇಪರು ಓದಬಹುದಾದ ಕಟ್ಟೆ. ಆದರೆ ಇಪ್ಪತ್ತೆಂಟು ವರ್ಷದ ಧೂಳು, ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಈ ನಾಡಿನಲ್ಲಿ ಬಣ್ಣ ಗೋಡೆಯ ಮೇಲೆ ಬಹಳ ಕಾಲ ನಿಲ್ಲುವುದಿಲ್ಲ. ಮೊದಲು ನೋಡಲು ಬಂದ ಇಬ್ಬರು ಗೇಟಿನ ಹೊರಗೇ ನಿಂತು, 'ಒಳಗ ಬರ‍್ರಿ' ಎಂದರೂ ಬಾರದೆ, ಫೋನ್ ಮಾಡುತ್ತೇವೆಂದು ಹೇಳಿ ಹೋದರು. ಫೋನ್ ಬರಲಿಲ್ಲ.

ಉಪಾಯ ಬಂದದ್ದು ಪುಣೆಯಿಂದ. ಅಲ್ಲಿರುವ ಹಿರಿಯ ಮಗಳು ಫೋನಿನಲ್ಲಿ, 'ಅಮೆರಿಕಾದಾಗ ಮನಿ ಮಾರೂಕಿಂತ ಮೊದಲು ಮುಂದ ಹೂವಿನ ಗಿಡ ಹಚ್ತಾರಂತವ್ವಾ. ನೋಡಿದವರು ಅಲ್ಲೇ ಸೋಲ್ತಾರಂತ' ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ಅಲ್ಲಿನ ಮನೆ ದಲ್ಲಾಳಿಗಳು ಇದಕ್ಕೆ ಕರ್ಬ್ ಅಪೀಲ್ ಎಂದು ಹೆಸರೇ ಇಟ್ಟಿದ್ದಾರೆ. ಕರ್ಬ್ ಎಂದರೆ ರಸ್ತೆಯ ಅಂಚುಗಲ್ಲು. ಕೊಳ್ಳುವವನು ಕಾರಿನಿಂದ ಇಳಿಯುವ ಮೊದಲೇ ಅಂಚುಗಲ್ಲಿನ ಹತ್ತಿರದಿಂದ ಮನೆ ಕಂಡು ಮನಸ್ಸು ಮಾಡಿಬಿಡಬೇಕು. ಅಲ್ಲಿ ಮನೆ ರಸ್ತೆಯಿಂದ ಹಿಂದೆ ಸರಿದಿರುತ್ತದೆ, ನಡುವೆ ಹುಲ್ಲು, ಹೂ. ಅಫಜಲಪುರದ ಓಣಿಯಲ್ಲಿ ಅಂಚುಗಲ್ಲು ಎಲ್ಲಿ ಬಂತು? ಕಟ್ಟೆಯಿಂದ ಕಾಲು ಚಾಚಿದರೆ ರಸ್ತೆ. ಆದರೂ ತಾಯಿ ಉಪಾಯವನ್ನು ಕೂಡಲೇ ಒಪ್ಪಿದಳು. ಹೆಣ್ಣು ನೋಡಲು ಬರುವ ದಿನ ಹೊಸ್ತಿಲಿಗೆ ರಂಗೋಲಿ, ಬಾಗಿಲಿಗೆ ತೋರಣ, ಹುಡುಗಿಯ ಜಡೆಗೆ ಮಲ್ಲಿಗೆ ಇಡುವುದನ್ನು ಕಂಡವಳಿಗೆ ಅಮೆರಿಕದವರು ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ.

ಕಾರಹುಣ್ಣಿಮೆ ಕಳೆದ ಮರುದಿನ ಕೆಲಸ ಸುರುವಾಯಿತು. ಬೀಜಕ್ಕೆ ಪೇಟೆಗೆ ಹೋಗಲಿಲ್ಲ. ಹಿಂದಿನ ವರ್ಷದ ಬನ್ನಿ ಹಬ್ಬದಲ್ಲಿ ಬಾಗಿಲಿಗೆ ಕಟ್ಟಿದ್ದ ಚೆಂಡು ಹೂವಿನ ಮಾಲೆ ಒಣಗಿ ಮೊಳೆಗೆ ತೂಗುತ್ತಲೇ ಇತ್ತು. ಅದನ್ನು ಬಿಡಿಸಿದರೆ ಕರಿ ಬಾಲದ ಬೀಜ ಬೊಗಸೆ ತುಂಬ. ಪೇಟೆಯ ದೊಡ್ಡ ಹೂಗಳು ಹೆಚ್ಚಾಗಿ ಸಂಕರ ತಳಿಯವು, ಅವುಗಳ ಬೀಜದಿಂದ ಹುಟ್ಟಿದ ಗಿಡಗಳೆಲ್ಲ ತಾಯಿಯಂತೆ ಇರುವುದಿಲ್ಲ, ಕೆಲವು ಒಂಟಿ ಎಸಳಿನವು ಬರುತ್ತವೆ ಎಂದು ಮಗಳು ಮೆಂಡೆಲ್‌ನನ್ನು ನೆನಪಿಸಿದಳು. 'ಬರಲಿ ಬಿಡು, ನನ್ನ ಹೊಟ್ಟ್ಯಾಗ ಹುಟ್ಟಿದವರೂ ಇಬ್ಬರು ಒಂದೇ ಥರ ಇಲ್ಲ' ಎಂದಳು ತಾಯಿ.

ಎಣ್ಣೆಯ ಡಬ್ಬಿ, ಒಡೆದ ಕೊಡ, ಬಣ್ಣದ ಬಕೆಟ್ಟು ಎಲ್ಲಕ್ಕೂ ತಳಕ್ಕೆ ತೂತು ಬಿತ್ತು, ಹೊರಗೆ ಜಾಜು ಬಳಿದಾಯಿತು. ಬರೀ ಎರಿ ಮಣ್ಣು ಕುಂಡಕ್ಕೆ ಆಗುವುದಿಲ್ಲ. ಹಸಿಯಾದಾಗ ಅಂಟಿನಂತೆ ಬೇರಿಗೆ ಉಸಿರು ಕಟ್ಟಿಸುತ್ತದೆ, ಒಣಗಿದಾಗ ಕಲ್ಲಾಗಿ ಕುಂಡದ ಅಂಚು ಬಿಡುತ್ತದೆ, ಹಾಕಿದ ನೀರು ಆ ಸಂದಿಯಲ್ಲೇ ಜಾರಿ ಹೋಗುತ್ತದೆ. ಹೊಲದ ಮಣ್ಣು, ಹೊಳೆಯ ಉಸುಕು, ತಿಪ್ಪೆಯ ಹಳೆಯ ಗೊಬ್ಬರ ಮೂರನ್ನೂ ಸಮ ಬೆರೆಸಿದರು. ನೀರಿಗೆ ಬೇಳೆ ತೊಳೆದದ್ದು, ಅಕ್ಕಿ ತೊಳೆದದ್ದು. ಚೆಂಡು ಹೂ ಬೀಜದಿಂದ ಹೂವಿಗೆ ಬರಲು ಹೆಚ್ಚು ಕಡಿಮೆ 60 ದಿನ ಬೇಕು. ಸೀಟು ಹಂಚಿಕೆಯ ಪಟ್ಟಿಗೂ ಅಷ್ಟೇ ಹೊತ್ತು. ಮಗಳು ಕ್ಯಾಲೆಂಡರಿನಲ್ಲಿ ಎರಡನ್ನೂ ಗುರುತು ಹಾಕಿದಳು.

ಗಿಡ ಆರಿಸುವುದರಲ್ಲಿ ತಾಯಿಗೆ ಯಾರ ಪುಸ್ತಕವೂ ಬೇಕಾಗಲಿಲ್ಲ. ಸೇವಂತಿಗೆ ಬೇಡ ಎಂದಳು. ಅದು ಹಗಲು ಸಣ್ಣದಾದ ಮೇಲೆ ಮೊಗ್ಗು ಹಿಡಿಯುವ ಗಿಡ, ಚಳಿಗಾಲದವರೆಗೆ ಕಾಯುವವರು ಯಾರು? ಗುಲಾಬಿಗೆ ದಿನಾ ಆರೈಕೆ. ದುಂಡು ಮಲ್ಲಿಗೆಯ ಎಲೆ ಇಲ್ಲಿನ ಸುಣ್ಣದಂಶದ ಮಣ್ಣಿನಲ್ಲಿ ಹಳದಿಗೆ ತಿರುಗುತ್ತದೆ. ಕಾಯಿಲೆಯ ಗಿಡ ಬಾಗಿಲಲ್ಲಿದ್ದರೆ ಗಿಡವಿಲ್ಲದ್ದಕ್ಕಿಂತ ಕೆಟ್ಟದ್ದು. ನಿತ್ಯಪುಷ್ಪ ನೀರು ಕೊಡದಿದ್ದರೂ ಹೂ ಬಿಡುತ್ತದೆ. ಬಿಸಿಲೇರಿದಾಗ ಅರಳುವ ಟೇಬಲ್ ರೋಸಿನ ನಾಲ್ಕು ಕಡ್ಡಿ ಚುಚ್ಚಿದರೆ ಸಾಕು. ಕಟ್ಟೆಯ ಮೂಲೆಗೆ ನೆರೆಮನೆಯಿಂದ ತಂದ ದೊಡ್ಡ ಕುಂಡದ ಕಾಗದದ ಹೂ. ಅದಕ್ಕೆ ನೀರು ಹೆಚ್ಚಾದಷ್ಟೂ ಎಲೆ ಹೆಚ್ಚು, ಹೂ ಕಡಿಮೆ. ಉಪವಾಸ ಕೆಡವಿದರೆ ಮೈತುಂಬ ಬಣ್ಣ. (ವಿದ್ಯಾರ್ಥಿಗಳು ಇದನ್ನು ತಮಗೆ ಅನ್ವಯಿಸಿಕೊಳ್ಳಬೇಕಾಗಿಲ್ಲ.)

ಅಂದಹಾಗೆ, ಈ ಸೀಮೆಯಲ್ಲಿ ಹೂವೇ ಇಲ್ಲ ಎಂದು ಬೆಂಗಳೂರಿನಿಂದ ಬಂದವರು ಹೇಳುವುದುಂಟು. ಅವರು ತೊಗರಿ ಹೂವಿಗೆ ಬಂದಾಗ ಬಂದಿರುವುದಿಲ್ಲ. ದೀಪಾವಳಿಯ ಆಚೀಚೆ ಆಳಂದದ ರಸ್ತೆಯಲ್ಲಿ ಹೋದರೆ ಎರಡೂ ಕಡೆ ಕಣ್ಣು ಹಾಯುವಷ್ಟು ಹಳದಿ. ಆ ಹಳದಿಯನ್ನು ಯಾರೂ ಮುಡಿಯುವುದಿಲ್ಲ, ದೇವರಿಗೆ ಏರಿಸುವುದಿಲ್ಲ. ಆದರೆ ಈ ಮೂರು ತಾಲ್ಲೂಕುಗಳಲ್ಲಿ ಎಷ್ಟೋ ಮಕ್ಕಳ ಕಾಲೇಜಿನ ಫೀ ಆ ಹೂವಿನಿಂದಲೇ ಹುಟ್ಟುತ್ತದೆ. ಮೋಡ ಕವಿದು ಹೂ ಉದುರಿದ ವರ್ಷ ಓದು ಬಿಟ್ಟವರೂ ಇದ್ದಾರೆ.

ಕುಂಡಗಳು ಸಾಲಾಗಿ ಕೂತ ಮೇಲೆ ಓಣಿಗೆ ಕುತೂಹಲ. 'ಯಾಕ್ರಿ ಮಾಸ್ತರ, ಸಣ್ಣಾಕಿ ಲಗ್ನ ಗೊತ್ತಾಯ್ತೇನ್ರಿ?' ಎಂದು ಕಿರಾಣಿಯವನು ಕೇಳಿದ. ಇಲ್ಲ ಎಂದರೆ ನಂಬಲಿಲ್ಲ. ಹುಡುಗ ಸೋಲಾಪುರದವನೆಂದೂ ರೇಲ್ವೆಯಲ್ಲಿ ಇದ್ದಾನೆಂದೂ ಎರಡು ದಿನದಲ್ಲಿ ನಿಶ್ಚಯವಾಯಿತು. ಮಗಳಿಗೆ ನಗು ಬಂತು, ಆಮೇಲೆ ಸಿಟ್ಟೂ ಬಂತು. ಹುಡುಗಿಯಿರುವ ಮನೆಯ ಮುಂದೆ ಹೂ ಅರಳಿದರೆ ಅದಕ್ಕೆ ಮದುವೆಯೊಂದೇ ಕಾರಣವೇ ಎಂದು ತಂದೆಯನ್ನು ಕೇಳಿದಳು. ಮಾಸ್ತರರು ಉತ್ತರ ಕೊಡಲಿಲ್ಲ. ಮನೆ ಮಾರುತ್ತಿದ್ದೇವೆ ಎಂದು ಹೇಳುವುದಕ್ಕಿಂತ ಮದುವೆಯ ಸುಳ್ಳು ಸುದ್ದಿಯೇ ಹಗುರ ಎಂದು ಅವರಿಗೆ ಅನ್ನಿಸಿದ್ದಿರಬೇಕು.

ಹೂ ಎಂದರೆ ಮಾಲೆ ಎಂದು ತಿಳಿದವರ ಕತೆ ಬೇರೆ. ಆಳಂದದಲ್ಲಿ ಒಂದು ಹಳೆಯ ಮನೆ ಮಾರಲು ಹೊರಟ ಅಣ್ಣತಮ್ಮಂದಿರು ಕೊಳ್ಳುವವರು ಬರುವ ಬೆಳಿಗ್ಗೆ ಬುಟ್ಟಿಗಟ್ಟಲೆ ಗುಲಾಬಿ, ಚೆಂಡು ಹೂ ತರಿಸಿ ದೊಡ್ಡ ಬಾಗಿಲಿಗೆ ಇಳಿಬಿಟ್ಟರು. ಲಾಡ್ಲೆ ಮಶಾಕ್ ದರ್ಗಾದ ಊರು, ಹೂ ಕಟ್ಟುವ ಕೈಗಳಿಗೆ ಬರವಿಲ್ಲ. ಹತ್ತು ಗಂಟೆಗೆ ಬರಬೇಕಾದವರು ಬಂದದ್ದು ಸಂಜೆ ನಾಲ್ಕಕ್ಕೆ. ಅಷ್ಟರಲ್ಲಿ ಬಿಸಿಲಿಗೆ ಗುಲಾಬಿ ಕಪ್ಪಾಗಿ, ಮಾಲೆ ಜೋತುಬಿದ್ದಿತ್ತು. ಬಂದವರಲ್ಲಿ ವಯಸ್ಸಾದವರೊಬ್ಬರು ಬಾಗಿಲಲ್ಲೇ ನಿಂತು, ಮನೆಯಲ್ಲಿ ಯಾರು ಹೋದರು ಎಂದು ಮೆಲ್ಲಗೆ ಕೇಳಿದರಂತೆ. ವ್ಯಾಪಾರ ಅಲ್ಲಿಗೇ ನಿಂತಿತು.

ಜೇವರ್ಗಿ ಕಡೆಯದು ಇನ್ನೊಂದು ಬಗೆ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳಿಗೆ ನುಗ್ಗಿತು. ನೀರು ಇಳಿದ ಮೇಲೆ ಗೋಡೆಗಳ ಮೇಲೆ ಕೆಸರಿನ ಗೆರೆ ಉಳಿಯಿತು. ದಂಡೆಯ ಒಂದು ಮನೆಯವರು ಎದೆಮಟ್ಟದ ಆ ಗೆರೆಗೆ ಸುಣ್ಣ ಬಳಿದು, ಅದರ ಮೇಲೆ ಕಾಗದದ ಹೂವಿನ ಬಳ್ಳಿ ಹಬ್ಬಿಸಿದರು. ಗುಲಾಬಿ ಬಣ್ಣದ ಗೋಡೆಯನ್ನು ನೋಡಿ ಪರಊರಿನವರೊಬ್ಬರು ಮುಂಗಡ ಕೊಡಲು ತಯಾರಾದರು. ಓಣಿಯ ಹುಡುಗರು ಬಂದವರನ್ನು ಸುತ್ತುವರಿದು, ಯಾರೂ ಕೇಳದಿದ್ದರೂ, ಕೈಯೆತ್ತಿ 'ಕಾಕಾ, ನೀರು ಇಲ್ಲೀತನಾ ಬಂದಿತ್ತು' ಎಂದು ತೋರಿಸಿದವು. ಮಕ್ಕಳಿಗೆ ಪ್ರವಾಹವೂ ಒಂದು ಹೆಮ್ಮೆ! ಕಾನೂನೂ ಮಕ್ಕಳ ಪಕ್ಷವೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ದೊಡ್ಡ ದೋಷ ಇದ್ದರೆ ಅದನ್ನು ಹೇಳಲೇಬೇಕು.

ಮಾಸ್ತರರ ಮನೆಯಲ್ಲೂ ಒಂದು ಗೆರೆ ಇತ್ತು. ನೀರಿನದಲ್ಲ, ಮಣ್ಣಿನದು.

ಕಟ್ಟೆಗೆ ಹೊಂದಿದ ಪಡುವಣ ಮೂಲೆಯ ಗೋಡೆಯಲ್ಲಿ, ಕಿಟಕಿಯ ಕೆಳಗಿನಿಂದ ಓರೆಯಾಗಿ ಇಳಿದ ಬಿರುಕು. ಎರಿ ಭೂಮಿಯಲ್ಲಿ ಮನೆ ಕಟ್ಟಿದವರಿಗೆ ಇದು ಹೊಸದಲ್ಲ. ಈ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಬುನಾದಿ ಮೇಲೆಯೇ ಇದ್ದರೆ ಮನೆಯೂ ಅದರ ಜೊತೆ ವರ್ಷಕ್ಕೊಮ್ಮೆ ಏಳುತ್ತದೆ, ಕೂರುತ್ತದೆ. ಹಾಗಾಗಿ ಬಿರುಕು ವೈಶಾಖದಲ್ಲಿ ಬಾಯಿ ಬಿಡುತ್ತದೆ, ಶ್ರಾವಣದಲ್ಲಿ ಮುಚ್ಚಿಕೊಳ್ಳುತ್ತದೆ. ಖನಿಜದ ಹೆಸರು ಫ್ರಾನ್ಸಿನ ಮಾಂಟ್‌ಮೊರಿಲ್ಲಾನ್ ಊರಿನದು. ಕಾಗದದ ಹೂವಿನ ಬೋಗನ್‌ವಿಲ್ಲ ಎಂಬ ಹೆಸರು ಫ್ರಾನ್ಸಿನ ನಾವಿಕ ಬೂಗನ್‌ವಿಲ್‌ನದು. ಅಫಜಲಪುರದ ಒಂದು ಓಣಿಯ ಬಿರುಕಿಗೂ ಅದರ ಮುಂದಿನ ಹೂವಿಗೂ ಒಂದೇ ದೇಶದ ನಂಟು ಎಂದು ಮಗಳಿಗೆ ಸೋಜಿಗ.

ಮಾಸ್ತರರು ಆ ಬಿರುಕನ್ನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಗಮನಿಸಿದ್ದರು. ಪ್ರತಿ ಮೇ ತಿಂಗಳು ಬಿರುಕಿನ ತುದಿಗೆ ಪೆನ್ಸಿಲಿನಿಂದ ಅಡ್ಡಗೀಟು, ಪಕ್ಕಕ್ಕೆ ಇಸವಿ, ಅಗಲ ಎಷ್ಟು ಮಿಲಿಮೀಟರು ಎಂಬ ಅಂಕಿ. ಗಿಡಕ್ಕೆ ಹಾಕಿದ ನೀರು ಬುನಾದಿಗೆ ಇಳಿದರೆ ಅಲ್ಲಿಯ ಮಣ್ಣು ಇನ್ನಷ್ಟು ಉಬ್ಬೀತೆಂದು ಗೋಡೆಯ ಬುಡಕ್ಕೆ ಪಾತಿ ಅಗೆಯಲು ಅವರು ಬಿಟ್ಟಿರಲಿಲ್ಲ. ಎಲ್ಲ ಕುಂಡದಲ್ಲೇ, ಗೋಡೆಯಿಂದ ಎರಡು ಮಾರು ದೂರ. ಒಂದು ಕುಂಡ ಮಾತ್ರ ಆ ಮಾತು ಮೀರಿತ್ತು. ದೊಡ್ಡ ಕಾಗದದ ಹೂವಿನದು. ತಾಯಿ ಅದನ್ನು ಬಿರುಕಿನ ಎದುರಿಗೇ ಇಡಿಸಿದ್ದಳು. ಕೊಂಬೆಗಳು ಹರಡಿ ಪೆನ್ಸಿಲಿನ ಅಂಕಿಗಳು ಒಂದೂ ಕಾಣುತ್ತಿರಲಿಲ್ಲ.

'ಇದು ಸರಿ ಅಲ್ಲ ಅವ್ವಾ' ಎಂದಳು ಮಗಳು.

'ನಾವೇನು ಸುಳ್ಳು ಹೇಳ್ಲಾಕತ್ತಿಲ್ಲ. ಹೂವಿನ ಕುಂಡ ಇಟ್ಟೀವಿ, ಅಷ್ಟ' ಎಂದಳು ತಾಯಿ. ಸ್ವಲ್ಪ ಹೊತ್ತಾದ ಮೇಲೆ, 'ನಿನ್ನ ಸಲುವಾಗೇ ಅಲ್ಲೇನು?' ಎಂದೂ ಸೇರಿಸಿದಳು. ಈ ಎರಡನೆಯ ಮಾತಿಗೆ ಯಾವ ಮಗಳ ಬಳಿಯೂ ಉತ್ತರ ಇರುವುದಿಲ್ಲ. ತಂದೆತಾಯಂದಿರು ಇದನ್ನು ಬಲ್ಲರು, ಆದ್ದರಿಂದಲೇ ಬಳಸುತ್ತಾರೆ. ಅವಳು ಒಳಗೆ ಹೋಗಿ ಪುಸ್ತಕ ತೆರೆದಳು, ಓದಲಿಲ್ಲ. ಮಾಸ್ತರರು ಕಟ್ಟೆಯ ಮೇಲೆ ಪೇಪರು ಹಿಡಿದು ಕೂತಿದ್ದರು. ಅವರೂ ಓದುತ್ತಿರಲಿಲ್ಲ. ಶ್ರಾವಣ, ಬಿರುಕು ತಾನಾಗಿ ಕೂದಲೆಳೆಯಷ್ಟಾಗಿತ್ತು. ಅದರ ಮೇಲೆ ಹೂ ಬೇರೆ. ಏನೂ ಹೇಳದಿದ್ದರೆ ಯಾರಿಗೂ ಏನೂ ತಿಳಿಯದು.

ಶ್ರಾವಣದ ಕೊನೆಯ ವಾರ ಕೊಳ್ಳುವವರು ಬಂದರು. ಬಂದವನಾದರೂ ಯಾರು? ದೇವಲ ಗಾಣಗಾಪುರದಲ್ಲಿ ದತ್ತನ ಪಾದುಕೆಗಳ ದರ್ಶನಕ್ಕೆ ಬರುವವರಿಗೆ ಹೂವು, ಕಾಯಿ, ಕರ್ಪೂರ ಮಾರುವ ಅಂಗಡಿಯವನು! ದಿನ ಬೆಳಗಾದರೆ ಹೂವಿನಲ್ಲೇ ಏಳುವ ಮನುಷ್ಯ. ಗೇಟಿನಲ್ಲಿ ನಿಂತು ಚೆಂಡು ಹೂವಿನ ಸಾಲನ್ನು ಒಮ್ಮೆ ನೋಡಿ, 'ನಾಕು ಕಿಲೋ ಆಗ್ತದ' ಎಂದ. ಅರವತ್ತು ದಿನದ ಸಾಕಣೆಗೆ ಅಷ್ಟೇ ಬೆಲೆ. ತಾಯಿಯ ಮುಖ ಸಣ್ಣದಾಯಿತು. ಅವನ ಜೊತೆಗಿದ್ದ ಭಾವಮೈದುನ ಗೌಂಡಿ. ಅವನ ಕಣ್ಣು ಹೂವಿನ ಮೇಲೆ ಕೂರಲೇ ಇಲ್ಲ, ನೆಟ್ಟಗೆ ಮೂಲೆಗಳಿಗೆ ಹೋಯಿತು. ಆದರೆ ಹೂವಾಡಿಗನ ಹೆಂಡತಿ, ಅವನ ತಾಯಿ ಇಬ್ಬರೂ ಕಟ್ಟೆಯ ಮೇಲೆ ಕೂತೇಬಿಟ್ಟರು. ಇಪ್ಪತ್ತೆಂಟು ವರ್ಷದ ದಾಸಾಳ ಗಿಡದ ಕೆಳಗೆ ನೆರಳಿತ್ತು. ಇದು ಯಾವ ವರ್ಷ ಹಚ್ಚಿದ್ದು, ಒಂದು ದಿನಕ್ಕೆ ಎಷ್ಟು ಹೂ ಬಿಡುತ್ತದೆ, ನಳದ ನೀರು ಯಾವಾಗ ಬರುತ್ತದೆ, ಪಕ್ಕದವರು ಎಂಥವರು ಎಂದೆಲ್ಲ ಕೇಳಿದರು. ಕೊಳ್ಳುವ ಮನಸ್ಸಿಲ್ಲದವರು ಪಕ್ಕದವರ ಬಗ್ಗೆ ಕೇಳುವುದಿಲ್ಲ.

ಒಳಗೆಲ್ಲ ನೋಡಿ ಹೊರಬಂದಾಗ ಮಾಸ್ತರರು ಏನೂ ಹೇಳದೆ ಬಗ್ಗಿ, ಎರಡೂ ಕೈಯಿಂದ ಆ ದೊಡ್ಡ ಕುಂಡವನ್ನು ಹಿಡಿದು ಫರ್ಸಿಯ ಮೇಲೆ ಎಳೆದರು. ಒಬ್ಬರಿಂದ ಆಗುವ ಭಾರವಲ್ಲ. ಮಗಳು ಬಂದು ಇನ್ನೊಂದು ಬದಿ ಹಿಡಿದಳು. ಪೆನ್ಸಿಲಿನ ಅಂಕಿಗಳು ಕಂಡವು.

'ಮೇ ತಿಂಗಳದಾಗ ಎಂಟು ಮಿಲಿಮೀಟರ್ ತನಾ ಬಿಡ್ತದ. ಈಗ ಮಳಿಗಾಲ, ಅದಕ್ಕ ಕಾಣಂಗಿಲ್ಲ' ಎಂದರು ಮಾಸ್ತರರು.

ಗೌಂಡಿ ಕುಕ್ಕರುಗಾಲಲ್ಲಿ ಕೂತು ಇಸವಿಗಳನ್ನು ಒಂದೊಂದಾಗಿ ಓದಿದ. 'ಎರಿ ಭೂಮ್ಯಾಗ ಬಿರುಕು ಇಲ್ಲದ ಮನಿ ತೋರಿಸಿದ್ರ ನಾ ಸಂಶೆ ಪಡ್ತಿದ್ದೆ, ಸರ' ಎಂದ. ಗೀಟುಗಳು ಹತ್ತು ವರ್ಷದಿಂದ ಮುಂದೆ ಸರಿದಿಲ್ಲವೆಂಬುದನ್ನು ಅವನೇ ಕಂಡುಕೊಂಡ. ಬಿರುಕು ಉಸಿರಾಡುತ್ತದೆ, ಬೆಳೆಯುತ್ತಿಲ್ಲ. ಹೊಸದಾಗಿ ಕಟ್ಟುವುದಾದರೆ ಕೆಳಗೆ ಗಡ್ಡೆಯಂತೆ ಉಬ್ಬಿದ ಕಂಬ ಇಳಿಸಿ ಕಟ್ಟಬಹುದು, ರೂರ್ಕಿಯ ಕಟ್ಟಡ ಸಂಶೋಧನಾ ಕೇಂದ್ರದವರು ಕಪ್ಪು ಮಣ್ಣಿಗೆಂದೇ ರೂಪಿಸಿದ ಪದ್ಧತಿ ಅದು, ಹಳೆಯ ಮನೆಗೆ ಸುತ್ತ ನೀರು ನಿಲ್ಲದಂತೆ ಫರ್ಸಿ ಹಾಸಿದರೆ ಸಾಕು ಎಂದು ಅವನೂ ಮಗಳೂ ಬಹಳ ಹೊತ್ತು ಮಾತಾಡಿದರು. ಮಗಳು ಯಾವ ವಿಭಾಗ ಸೇರಬೇಕೆಂದು ಇನ್ನೂ ತೀರ್ಮಾನಿಸಿರಲಿಲ್ಲ.

ಹೂವಾಡಿಗ ಮಾತ್ರ ವ್ಯಾಪಾರಿ. ಬಿರುಕಿನ ಹೆಸರಿನಲ್ಲಿ 40 ಸಾವಿರ ಕಡಿಮೆ ಮಾಡಿಯೇ ಮಾಡಿದ. ಮಾಸ್ತರರ ಹಾಳೆಯ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಒಂದು ವರ್ಷದ ಬಸ್ಸು, ಪುಸ್ತಕ, ಊಟದ ಖರ್ಚು. ತಾಯಿ ಆ ರಾತ್ರಿ ಮಾತಾಡಲಿಲ್ಲ, ಮರುದಿನವೂ ಇಲ್ಲ. ಮೂರನೆಯ ದಿನ ಗಣೇಶನ ಹಬ್ಬಕ್ಕೆ ಚೆಂಡು ಹೂ ಕೊಯ್ಯುತ್ತ, 'ನಾಕು ಕಿಲೋ ಅಲ್ಲ, ಐದು ಕಿಲೋ ಮ್ಯಾಲ ಆಗ್ತಾವ' ಎಂದಳು. ಅಷ್ಟರ ಮೇಲೆ ಮನೆಯಲ್ಲಿ ಮತ್ತೆ ಮಾತು ನಡೆಯಿತು.

ಖರೀದಿ ಪತ್ರದ ದಿನ ಒಂದು ಸಣ್ಣ ತಕರಾರು ಬಂತು. ಹೂವಿನ ಗಿಡ ಯಾರಿಗೆ ಸೇರಿದ್ದು? ಭೂಮಿಯಲ್ಲಿ ಬೇರು ಬಿಟ್ಟಿದ್ದು ಮನೆಯ ಜೊತೆಗೇ ಹೋಗುತ್ತದೆ, ಕುಂಡದಲ್ಲಿದ್ದದ್ದು ಮಾರುವವನದು. ಕಾಯ್ದೆ ಹೀಗೆ ಎಂದು ಪತ್ರ ಬರೆಯುವವರು ತಿಳಿಸಿದರು. ಹಾಗೆಂದರೆ ಅರವತ್ತು ದಿನದ ಹೂಗಳೆಲ್ಲ ಮಾಸ್ತರರವು, ಇಪ್ಪತ್ತೆಂಟು ವರ್ಷದ ದಾಸಾಳ ಹೂವಾಡಿಗನದು. ಕುಂಡಗಳನ್ನು ಕಲಬುರಗಿಯ ಮೂರನೆಯ ಮಹಡಿಗೆ ಒಯ್ಯುವುದಾದರೂ ಹೇಗೆ? ತಾಯಿ ಅವನ್ನೆಲ್ಲ ಹೂವಾಡಿಗನ ಹೆಂಡತಿಗೇ ಬಿಟ್ಟಳು. ಕಾಗದದ ಹೂವಿನ ದೊಡ್ಡ ಕುಂಡ ನೆರೆಮನೆಗೆ ಮರಳಿತು. ದಾಸಾಳದಿಂದ ಮೂರು ಕಡ್ಡಿ ಮುರಿದು ಹಸಿ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದಳು.

ಮಗಳು ಸಿವಿಲ್ ವಿಭಾಗಕ್ಕೆ ಸೇರಿದಳು. ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಮೂರು ಕಡ್ಡಿಗಳಲ್ಲಿ ಎರಡು ಒಣಗಿದವು. ಒಂದು ಚಿಗುರಿತು. ಮೊದಲ ಮೊಗ್ಗು ಬಂದದ್ದು ಮರುವರ್ಷದ ಯುಗಾದಿಯ ಹೊತ್ತಿಗೆ, ಬಣ್ಣದ ಬಕೆಟ್ಟಿನಲ್ಲಿ, ಅಫಜಲಪುರದಿಂದ ತಂದ ಎರಿ ಮಣ್ಣಿನಲ್ಲಿ.